ಹೆಲೆನ್ ಶಪಿರೋ ಹಾಡು ಕೇಳಿದ್ದೀರಾ?

ಬೀಟಲ್ಸ್ ಅಂದ್ರೆ ಬೆಂಗಳೂರಲ್ಲೂ ಗೊತ್ತಿಲ್ಲದವರು ಕಮ್ಮಿ. ಆದರೆ 1963ರ ಫೆಬ್ರವರಿಯಲ್ಲಿ ಅವರು ಇಂಗ್ಲೆಂಡಿನಲ್ಲಿ ಊರೂರು ಸುತ್ತಿ ಹಾಡಿದಾಗ ಆ ಕಾರ್ಯಕ್ರಮಗಳ ಮುಖ್ಯ ಆಕರ್ಷಣೆ ಅವರಲ್ಲ, 16ರ ಹುಡುಗಿ ಹೆಲೆನ್ ಶಪಿರೋ ಅಂತ ಎಷ್ಟು ಜನಕ್ಕೆ ಗೊತ್ತು?

ಮೊದಲ ರೆಕಾರ್ಡ್ ಬಂದಾಗ ಅವರಿಗೆ ಬರೀ 14 ವರ್ಷ. ಅದು 1961. ಅದೇ ವರ್ಷ ಅವರ ಎರಡು ಹಾಡು ಬ್ರಿಟನ್ನಿನಲ್ಲಿ ನಂಬರ್ ಒನ್. ಅದರಲ್ಲಿ 'ಯು ಡೋಂಟ್ ನೋ' ನನಗೆ ತುಂಬಾ ಇಷ್ಟ. ಜಯನಗರದಿಂದ ಮೆಜೆಸ್ಟಿಕ್‌ಗೆ ಮೆಟ್ರೋದಲ್ಲಿ ಹೋಗುವಾಗ ಇಯರ್‌ಫೋನ್ ಹಾಕ್ಕೊಂಡು ಕೇಳ್ತೀನಿ. ಹಿಂದೆ ವಯಲಿನ್‌ಗಳು, ಮುಂದೆ ಆ ತುಂಬಿದ, ದಪ್ಪ ದನಿ. ಸ್ಕೂಲ್ ಹುಡುಗಿ ಅಂತ ಯಾರೂ ಹೇಳಲ್ಲ.

ಆಮೇಲೆ ಆಗಿದ್ದು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಬೀಟಲ್ಸ್‌ನ ಲೆನನ್, ಮೆಕಾರ್ಟ್ನಿ ಹೆಲೆನ್‌ಗಾಗಿಯೇ 'ಮಿಸರಿ' ಹಾಡು ಬರೆದರು, ಹೆಲೆನ್ ಕಡೆಯವರು ಬೇಡ ಅಂದುಬಿಟ್ಟರು. 1963ರಲ್ಲೇ ಅಮೆರಿಕದ ನ್ಯಾಶ್‌ವಿಲ್‌ಗೆ ಹೋಗಿ 'ಇಟ್ಸ್ ಮೈ ಪಾರ್ಟಿ' ರೆಕಾರ್ಡ್ ಮಾಡಿದ್ದರು, ಆದರೆ ಅದನ್ನ ಸಿಂಗಲ್ ಆಗಿ, ಅಂದ್ರೆ ಬಿಡಿ ಹಾಡಿನ ರೆಕಾರ್ಡ್ ಆಗಿ, ಬಿಡಲೇ ಇಲ್ಲ. ಅದೇ ಹಾಡು ಅಮೆರಿಕದ ಗಾಯಕಿ ಲೆಸ್ಲಿ ಗೋರ್ ಹಾಡಿ ಅಲ್ಲಿ ನಂಬರ್ ಒನ್ ಆಯ್ತು! ಹೆಲೆನ್ ದನಿಯಲ್ಲಿ ಏನೂ ಕೊರತೆ ಇರಲಿಲ್ಲ, ಅಲ್ವಾ? ಆದರೂ 1962ರ ನಂತರ ಅವರ ಒಂದು ಹಾಡೂ ಬ್ರಿಟನ್ನಿನಲ್ಲಿ ಮೊದಲ ಹತ್ತರೊಳಗೆ ಬರಲಿಲ್ಲ.

ಮುಂದೆ ಅವರು ಜಾಝ್ ಹಾಡಿದರು, ನಾಟಕಗಳಲ್ಲೂ ನಟಿಸಿದರು. ನೀವು ಮಾತ್ರ 1961ರಿಂದಲೇ ಶುರು ಮಾಡಿ.