ನಾಲ್ಕು ಮತ್ತು ಇಪ್ಪತ್ತು

ಮ್ಯೂನಿಕ್‌ಗೆ ಬಂದ ಹೊಸದರಲ್ಲಿ ಬಾಡಿಗೆ ಮನೆಯ ಜಾಹೀರಾತಿನಲ್ಲಿ 1.250 ಯೂರೋ ಅಂತ ನೋಡಿ ಎರಡು ಸೆಕೆಂಡು ಸುಮ್ಮನೆ ನಿಂತಿದ್ದೆ. ಒಂದೂಕಾಲು ಯೂರೋಗೆ ಮನೆ! ಇಲ್ಲಿ ಸಾವಿರಕ್ಕೆ ಚುಕ್ಕೆ, ದಶಮಾಂಶಕ್ಕೆ ಅಲ್ಪವಿರಾಮ. ಹಾಲಿನ ಬೆಲೆ 1,19 ಅಂತ ಬರೀತಾರೆ. ಅದಕ್ಕೆ ಬೇಗ ಹೊಂದಿಕೊಂಡೆ. ಹೊಂದಿಕೊಳ್ಳಲು ಆಗದೇ ಇದ್ದದ್ದು ಅವರು ಅಂಕಿ ಹೇಳುವ ರೀತಿಗೆ. ನಾವು ಇಪ್ಪತ್ತನಾಲ್ಕು ಅಂದರೆ ಜರ್ಮನ್ನರು 'ಫಿಯರ್ ಉಂಟ್ ತ್ಸ್ವಾನ್‌ತ್ಸಿಶ್', ಅಂದರೆ ನಾಲ್ಕು ಮತ್ತು ಇಪ್ಪತ್ತು. ಫೋನ್ ನಂಬರನ್ನು ಎರಡೆರಡು ಅಂಕಿಯಾಗಿ ಹೇಳೋರು ಇಲ್ಲಿ ತುಂಬ ಜನ. ನಾನು ಕೇಳಿದ ಕ್ರಮದಲ್ಲೇ ಬರೆದುಕೊಂಡು, ಪ್ಲಂಬರ್‌ ಬದಲು ಯಾರೋ ಅಜ್ಜಿಗೆ ಫೋನ್ ಮಾಡಿದ್ದೇನೆ.

ಮೂರನೇ ಕ್ಲಾಸಿನ ಮಗಳಿಗೂ ಮೊದಮೊದಲು ಇದೇ ಕಥೆ. 24 ಅಂತ ಕೇಳಿ 42 ಬರೆದು ಬರುತ್ತಿದ್ದಳು. ಇಲ್ಲಿ ಹುಟ್ಟಿದ ಮಕ್ಕಳೂ ಈ ತಪ್ಪು ಮಾಡುತ್ತಾರಂತೆ, ಟೀಚರ್ ಏನೂ ತಲೆ ಕೆಡಿಸಿಕೊಳ್ಳಲಿಲ್ಲ. ಬೀದರಿನಿಂದ ನಮ್ಮಮ್ಮ ಮಾತ್ರ ವಿಡಿಯೋ ಕಾಲಲ್ಲಿ ಗಾಬರಿಯಾದರು. ಜೊತೆಗೆ, ಗಣಿತದಲ್ಲಿ 1 ಬಂತು ಅಂದಾಗ ಅವರ ಮುಖ ನೋಡಬೇಕಿತ್ತು. ಇಲ್ಲಿ 1 ಅಂದರೆ ಎಲ್ಲಕ್ಕಿಂತ ಒಳ್ಳೆಯ ಗ್ರೇಡು, 6 ಅಂದರೆ ಕೆಟ್ಟದ್ದು.

ನಮ್ಮ ಮನೆಯ ದೊಡ್ಡ ಜಗಳ ಮಗ್ಗಿಯದ್ದು. ನಾನು ಇಪ್ಪತ್ತರವರೆಗೆ ರಾಗವಾಗಿ ಒದರಿ ಕಲಿತವನು. ಇಲ್ಲಿ ಮುಖ್ಯವಾಗಿ ಹತ್ತರವರೆಗೆ. ಅದರಲ್ಲೂ 1, 2, 5, 10ರ ಮಗ್ಗಿ, ಆಮೇಲೆ 7·7 (ಏಳೇಳ್ಲ) ತರಹದವು ಗಟ್ಟಿಯಾದರೆ ಸಾಕು, ಉಳಿದದ್ದನ್ನು ಅವುಗಳಿಂದ ಹುಟ್ಟಿಸಿಕೋ ಅಂತಾರೆ. ಅಮ್ಮ 'ಏಳೆಂಟ್ಲ?' ಅಂದರೆ ನನ್ನ ಬಾಯಿ ತಾನಾಗಿ 'ಐವತ್ತಾರು' ಅನ್ನುತ್ತೆ. ಮಗಳು ಏಳೇಳ್ಲ 49, ಇನ್ನೊಂದು ಏಳು ಸೇರಿಸಿ 56 ಅಂತ ಹೇಳುವಷ್ಟರಲ್ಲಿ ಅಮ್ಮನಿಗೆ ತಾಳ್ಮೆ ಮುಗಿದಿರುತ್ತೆ. ನಿಧಾನ ನಿಜ. ಆದರೆ ಮರೆತರೆ ದಾರಿ ಇದೆಯಲ್ವಾ? ನನಗೆ ಹದಿನೇಳರ ಮಗ್ಗಿಯಲ್ಲಿ ನಡುವೆ ಒಂದು ಸಾಲು ಹೋದರೆ ಮತ್ತೆ 'ಹದಿನೇಳೊಂದ್ಲ'ದಿಂದಲೇ ಶುರು ಮಾಡಬೇಕು.

ಹೋದ ವಾರದ ಹೋಮ್‌ವರ್ಕಿನಲ್ಲಿ ಒಂದು 'ತ್ಸಾಲೆನ್‌ಮೌವರ್' ಇತ್ತು. ಅಂಕಿಗಳ ಗೋಡೆ. ಕೆಳಗೆ ಮೂರು ಇಟ್ಟಿಗೆ, ಅದರ ಮೇಲೆ ಎರಡು, ತುದಿಗೆ ಒಂದು. ಪಕ್ಕಪಕ್ಕದ ಎರಡನ್ನು ಕೂಡಿದರೆ ಅವುಗಳ ಮೇಲಿನ ಇಟ್ಟಿಗೆ. ಕೆಳಗೆ 3, ಖಾಲಿ, 5 ಅಂತಿತ್ತು. ತುದಿಯಲ್ಲಿ 20. ನಾನು ಗತ್ತಿನಿಂದ ಖಾಲಿ ಜಾಗಕ್ಕೆ x ಬರೆದು, 3 + x, x + 5, ಎರಡೂ ಕೂಡಿ 2x + 8 = 20 ಅಂತ ಶುರು ಮಾಡಿದೆ. ಅವಳು ಪೆನ್ಸಿಲ್ ಕಿತ್ತುಕೊಂಡಳು. 'ಪಪ್ಪಾ, ನಡುವಿನದು ಎರಡೂ ಕಡೆ ಹತ್ತುತ್ತೆ, 3 ಮತ್ತೆ 5 ಒಂದೊಂದ್ಸಲ ಮಾತ್ರ. 20ರಲ್ಲಿ 8 ಹೋದರೆ 12, ಅರ್ಧ ಮಾಡು.' ಆರು ಬರೆದು ಮುಂದಿನ ಲೆಕ್ಕಕ್ಕೆ ಹೋದಳು.

ನನಗೆ ಹೈಸ್ಕೂಲಿನಲ್ಲಿ ಬೀಜಗಣಿತ ಬಂದಾಗ ಎರಡು ವಾರ ಗುಣಾಕಾರದ × ಯಾವುದು, ಅಕ್ಷರದ x ಯಾವುದು ಅಂತಲೇ ಗೊತ್ತಾಗಿರಲಿಲ್ಲ. ಇಲ್ಲಿ ಗುಣಿಸೋಕೆ ಬರೀ ಒಂದು ಚುಕ್ಕೆ ಇಡುತ್ತಾರೆ, ಆ ಗೋಳೇ ಇಲ್ಲ. ನಮಗೆ ಸಮೀಕರಣ ಅಂತ ಹೆದರಿಸಿ ಕೊಟ್ಟದ್ದನ್ನು ಇವರು ಮೊದಲು ಇಟ್ಟಿಗೆಯಾಗಿ ಕೊಟ್ಟು ಆಡಿಸುತ್ತಾರೆ, ಅಕ್ಷರ ಆಮೇಲೆ ಬರುತ್ತೆ.

ಅದೇ ಗೋಡೆಯನ್ನು ಅಮ್ಮನಿಗೆ ತೋರಿಸಿದೆ. ಅವರು ಏಳನೇ ಕ್ಲಾಸು ಓದಿದವರು. ಒಂದು ಕ್ಷಣ ತುಟಿ ಅಲ್ಲಾಡಿತು. 'ಐದು ಇಟ್ಟು ನೋಡಿದೆ, ಹದಿನೆಂಟು ಬಂತು. ಎರಡು ಕಮ್ಮಿ. ಆರಿಡು' ಅಂದರು. ಮಗಳು ಚಪ್ಪಾಳೆ ತಟ್ಟಿದಳು. ಅಮ್ಮ ನಗಲೂ ಇಲ್ಲ, ನನ್ನ ಕಡೆ ತಿರುಗಿ, 'ಅದಿರಲಿ, ಹದಿಮೂರರ ಮಗ್ಗಿ ಯಾವಾಗ ಹೇಳಿಕೊಡ್ತೀಯೋ ಇವಳಿಗೆ?' ಅಂದರು.