ಇನಾಮಗಾಂವ್: ನೋಡೋಕೆ ಏನೂ ಇಲ್ಲದ ದಿಬ್ಬ

ಪುಣೆಯಲ್ಲಿರುವ ನಮ್ಮ ಕಡೆಯವರಿಗೆ ಭಾನುವಾರ ಅಂದರೆ ಸಿಂಹಗಡ, ಇಲ್ಲವೇ ಲೋಣಾವಳಾ. ಈ ಸಲ ಊರಿಂದ ಬಂದಿದ್ದ ಕಾಕಾನನ್ನು ಇನಾಮಗಾಂವ್‌ಗೆ, ಹಳೇ ಕಾಲದ ಊರೂ ಗೋರಿಗಳೂ ಸಿಕ್ಕ ಜಾಗಕ್ಕೆ, ಕರೆದುಕೊಂಡು ಹೋದೆ. ಅವರು ಗಂಗಾವತಿಯವರು. ಹಿರೇಬೆಣಕಲ್ ಗುಡ್ಡದ ಮೊರೇರ ಮನೆಗಳನ್ನು, ಅಂದರೆ ಚಪ್ಪಡಿ ಕಲ್ಲಿನ ಹಳೇ ಗೋರಿಗಳನ್ನು, ನೋಡಿಕೊಂಡೇ ಬೆಳೆದವರು. ಹಳೇ ಗೋರಿ ಅಂದಮೇಲೆ ಚಪ್ಪಡಿ ಕಲ್ಲು ಎದ್ದು ನಿಂತಿರಬೇಕು ಅನ್ನೋದು ಅವರ ಲೆಕ್ಕ.

ಅಹ್ಮದನಗರದ (ಈಗಿನ ಅಹಿಲ್ಯಾನಗರ) ರಸ್ತೆ ಹಿಡಿದು, ರಾಂಜಣಗಾಂವ್ ಗಣಪತಿಗೆ ಕೈಮುಗಿದು, ಶಿರೂರು ತಾಲ್ಲೂಕಿನ ಒಳದಾರಿಗೆ ಇಳಿದೆವು. ಸುತ್ತ ಕಬ್ಬು, ಆಚೆ ಘೋಡ್ ನದಿ, ದಡದಲ್ಲಿ ತಗ್ಗು ದಿಬ್ಬ. ‘ಇಷ್ಟ ಏನಪಾ?’ ಅಂದರು ಕಾಕಾ.

ಇಷ್ಟೇ. ಆದರೆ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞರಾದ ಸಂಕಾಲಿಯಾ, ಢವಳೀಕರ್, ಅನ್ಸಾರಿ ಮತ್ತು ಅವರ ತಂಡ 1968ರಿಂದ 1983ರವರೆಗೆ ಅಗೆದದ್ದು ಇಲ್ಲೇ. ಸುಮಾರು 3,600 ವರ್ಷದ ಹಿಂದೆ ಶುರುವಾದ ರೈತರ ಊರು. ಸತ್ತವರನ್ನು ದೂರ ಒಯ್ಯುತ್ತಿರಲಿಲ್ಲ, ಮನೆಯ ನೆಲದಡಿಯೋ ಅಂಗಳದಲ್ಲೋ ಹೂಳುತ್ತಿದ್ದರು. ಮಕ್ಕಳಾದರೆ ಎರಡು ಮಡಕೆ ಬಾಯಿಗೆ ಬಾಯಿ ಜೋಡಿಸಿ ಅದರೊಳಗೆ. ದೊಡ್ಡವರಾದರೆ ತಲೆ ಉತ್ತರಕ್ಕಿಟ್ಟು, ಪಾದ ಕತ್ತರಿಸಿ. ದೆವ್ವವಾಗಿ ಎದ್ದು ಬರಬಾರದು ಅಂತ ಇರಬಹುದು ಅನ್ನುತ್ತಾರೆ ವಿದ್ವಾಂಸರು. ಉತ್ತರಕ್ಕೆ ತಲೆ ಅಂದ ಕೂಡಲೇ ಕಾಕಾ ಚುರುಕಾದರು. ನಮ್ಮ ಅಜ್ಜಿ ಯಾರನ್ನೂ ಹಾಗೆ ಮಲಗೋಕೆ ಬಿಡುತ್ತಿರಲಿಲ್ಲವಲ್ಲ! ಐದು ಕೋಣೆಯ ದೊಡ್ಡ ಮನೆಯೊಂದರ ಅಂಗಳದಲ್ಲಿ ಮಾತ್ರ, ನಾಲ್ಕು ಕಾಲಿನ ಮಣ್ಣಿನ ಭಾರೀ ಹರವಿಯಲ್ಲಿ, ಒಬ್ಬ ಗಂಡಸು ಚಕ್ಕಳಮಕ್ಕಳ ಹಾಕಿ ಕೂತಿದ್ದ. ಆ ಮನೆಗೆ ಕಣಜವೂ ಇತ್ತು. ಊರ ಗೌಡನೇ ಇರಬೇಕು ಅಂತ ಕಾಕಾ ತೀರ್ಪು ಕೊಟ್ಟರು.

ಕಲ್ಲಿನ ಗೋರಿಗಳು ಹೇಗೋ ಕಣ್ಣಿಗೆ ಬೀಳುತ್ತವೆ. ಹಿರೇಬೆಣಕಲ್ 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಮಣ್ಣಿನ ದಿಬ್ಬಗಳ ಪಾಡೇ ಬೇರೆ. ಹಳೇ ಊರಿನ ಬೂದಿ ಬೆರೆತ ಮಣ್ಣು ಹೊಲಕ್ಕೆ ಒಳ್ಳೇ ಗೊಬ್ಬರ ಅಂತ ದಖ್ಖನಿನ ಎಷ್ಟೋ ಕಡೆ ಹೇರಿಕೊಂಡು ಹೋಗಿದ್ದಾರೆ. ರೈತರನ್ನು ಸುಮ್ನೆ ಬೈದು ಏನು ಪ್ರಯೋಜನ, ಅದು ಗೋರಿ ಅಂತ ಅವರಿಗೆ ಯಾರು ಹೇಳಿದ್ದಾರೆ? ಕೇಂದ್ರದ ಸಂರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರ್ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್ ಅನುಮತಿ ಬೇಕು. ಸಂರಕ್ಷಿತ ಸ್ಮಾರಕಗಳ ಪಟ್ಟಿಗೇ ಸೇರದ ದಿಬ್ಬಕ್ಕೆ ಈ ಕಾನೂನು ಇದ್ದೂ ಇಲ್ಲದ ಹಾಗೆ. ನನ್ನ ಕೇಳಿದರೆ, ಇಲ್ಲಿನ ಸಾತ್‌ಬಾರಾದಲ್ಲಿ, ನಮ್ಮ ಕಡೆ ಪಹಣಿಯಲ್ಲಿ, ಇಂಥ ಜಾಗ ಇದೆ ಅಂತ ಒಂದು ಸಾಲು ಬರೆದರೂ ಜಾಸ್ತಿ ಕೆಲಸವಾಗುತ್ತದೆ. ಹೊಲ ಮಾರುವಾಗ, ಕೊಳ್ಳುವಾಗ ಎಲ್ಲರೂ ಓದುವ ಕಾಗದ ಅದೊಂದೇ ಅಲ್ವಾ?

ಹೋಗುವವರು ಮೊದಲು ಯೆರವಡಾದ ಡೆಕ್ಕನ್ ಕಾಲೇಜಿನ ಮ್ಯೂಸಿಯಂ ನೋಡಿ. ಇಲ್ಲದಿದ್ದರೆ ನಿಮ್ಮ ಜೊತೆ ಬಂದವರೂ ‘ಇಷ್ಟೇನಾ’ ಅಂತಲೇ ಕೇಳುತ್ತಾರೆ.