ಭಾಗವತರಿಗೊಂದು ಇಮೇಲ್

ಆಷಾಢದ ಮಳೆ ಬಿಡದೆ ಹೊಯ್ಯುತ್ತಿತ್ತು. ಭಾಗವತರ ಮನೆಯ ಜಗಲಿಯಲ್ಲಿ ಕೂತವನೇ ಕೇಳಿದೆ, "ಭಾಗವತರೇ, ನಿಮಗೆ ಇಮೇಲ್ ಉಂಟಾ?"

ಅವರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ಕೈ ನಿಲ್ಲಿಸಿ ನನ್ನ ಮುಖ ನೋಡಿದರು. "ಎಂತಕ್ಕೆ ಮಾರಾಯ?"

ಅವರು ನಮ್ಮ ಯಕ್ಷಗಾನ ಮೇಳದಲ್ಲಿ ಪದ್ಯ ಹಾಡುವವರು. 19 ವರ್ಷಗಳಿಂದ ಅವರ ಪದ್ಯಕ್ಕೆ ನಾನು ಮದ್ದಳೆ ಬಾರಿಸುತ್ತಿದ್ದೇನೆ. ಮೇಳದ ತಿರುಗಾಟ ದೀಪಾವಳಿ ಕಳೆದ ಮೇಲೆ ಶುರುವಾದರೆ ಮುಗಿಯುವುದು ಮೇ ಕೊನೆಗೆ. ಅಷ್ಟೂ ರಾತ್ರಿ ಅವರ ಪಕ್ಕದಲ್ಲೇ ನನ್ನ ಜಾಗ. ಅವರಿಂದ ಏನನ್ನಾದರೂ ಕೇಳಿ ಪಡೆಯಬೇಕು ಅಂತ ಅವರ ಮನೆ ಮೆಟ್ಟಿಲು ಹತ್ತಿದ್ದು ಅವತ್ತೇ ಮೊದಲು.

ಇದು ಶುರುವಾದದ್ದು ನನ್ನ ಅಕ್ಕನ ಮಗಳಿಂದ. ಅವಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಒಂದು ದಿನ ಫೋನ್ ಮಾಡಿ, "ಮಾವ, ಅಮೆರಿಕದ ಒಂದು ಯೂನಿವರ್ಸಿಟಿಯಲ್ಲಿ ಹೊರದೇಶದ ಕಲಾವಿದರನ್ನು ಒಂದು ಸೆಮಿಸ್ಟರ್ ಕರೆಸಿಕೊಳ್ಳುತ್ತಾರೆ. ಮನೆ, ಪ್ರಯಾಣದ ಖರ್ಚು, ಸಂಭಾವನೆ ಎಲ್ಲ ಅವರದ್ದೇ. ನೀವು ಯಾಕೆ ಅರ್ಜಿ ಹಾಕಬಾರದು?" ಅಂದಳು. ಮದ್ದಳೆ ಬಾರಿಸುವವನಿಗೆ ಯೂನಿವರ್ಸಿಟಿಯಲ್ಲಿ ಏನು ಕೆಲಸ ಅಂತ ಕೇಳಿದೆ. ಆಗ ಅವಳು ಹೇಳಿದ ವಿಷಯಗಳು ನನಗೆ ಹೊಸವು. ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯ 1962ರಿಂದಲೇ ಬೇರೆ ಬೇರೆ ದೇಶದ ಸಂಗೀತಗಾರರನ್ನು ಕರೆಸಿ ಪಾಠ ಹೇಳಿಸುತ್ತಿದೆಯಂತೆ. ಮೃದಂಗದ ಟಿ. ರಂಗನಾಥನ್ 1960ರ ದಶಕದಲ್ಲೇ ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿನ ಮಕ್ಕಳಿಗೆ ಕಲಿಸಿದ್ದರಂತೆ.

ನಮ್ಮ ಕಡೆಯ ಕಥೆ ನನಗೆ ಮೊದಲೇ ಗೊತ್ತಿತ್ತು. ಅಮೆರಿಕದ ಮಾರ್ಥಾ ಆಷ್ಟನ್ ಉಡುಪಿಗೆ ಬಂದು, ಹಿರಿಯಡಕ ಗೋಪಾಲರಾಯರ ಹತ್ತಿರ ಯಕ್ಷಗಾನ ಕಲಿತು, ಅದರ ಮೇಲೇ ಡಾಕ್ಟರೇಟ್ ಮಾಡಿದರು. ಗೋಪಾಲರಾಯರು ಮದ್ದಳೆಯವರು, ನೂರು ವರ್ಷ ಬಾಳಿದವರು. ನಮ್ಮ ಮದ್ದಳೆ ಇಡೀ ಯಕ್ಷಗಾನದ ಆಟವನ್ನೇ ಕಲಿಸಬಲ್ಲದು ಅಂತ ಅಷ್ಟು ಹಿಂದೆಯೇ ತೋರಿಸಿಕೊಟ್ಟವರು. ಅದು ನೆನಪಾದ ಮೇಲೆ ಹಿಂಜರಿಕೆ ಸ್ವಲ್ಪ ಕಡಿಮೆಯಾಯಿತು.

ಅರ್ಜಿ ತೆರೆದು ನೋಡಿದರೆ, ಪ್ರತಿ ಪ್ರಶ್ನೆಯೂ "ನೀವು" ಅಂತಲೇ ಶುರುವಾಗುತ್ತಿತ್ತು. ನಿಮ್ಮ ಸ್ವಂತ ಕೆಲಸ ಯಾವುದು? ನಿಮ್ಮ ಕಲೆಯ ಬಗ್ಗೆ 300 ಪದಗಳಲ್ಲಿ ಬರೆಯಿರಿ. ನೀವು ಇಲ್ಲಿ ಬಂದು ಏನು ಸೃಷ್ಟಿಸುತ್ತೀರಿ? ಅಕ್ಕನ ಮಗಳು ಒಂದೊಂದನ್ನೇ ಕನ್ನಡದಲ್ಲಿ ಹೇಳುತ್ತಿದ್ದಳು. ಮೂರು ರಾತ್ರಿ ಫೋನ್ ಹಿಡಿದು ಕೂತೆವು. ಮೂರು ರಾತ್ರಿಯೂ ಒಂದು ಸಾಲು ಮುಂದೆ ಹೋಗಲಿಲ್ಲ.

ನಾನು ಒಬ್ಬನೇ ಮಾಡಿದ ಕೆಲಸ ಯಾವುದು? ಎಷ್ಟು ಯೋಚಿಸಿದರೂ ಸಿಗಲಿಲ್ಲ. ಭಾಗವತರು ಪದ್ಯ ಎತ್ತದೆ ನನ್ನ ಕೈ ಏಳುವುದಿಲ್ಲ. ವೇಷಧಾರಿಯ ಹೆಜ್ಜೆ ನೋಡದೆ ಮುಕ್ತಾಯ ಬಾರಿಸುವುದಿಲ್ಲ. ಚಂಡೆಯವರ ಕಣ್ಸನ್ನೆ ಇಲ್ಲದಿದ್ದರೆ ಯುದ್ಧದ ಪದ್ಯ ಏರುವುದೇ ಇಲ್ಲ. ಇವರನ್ನೆಲ್ಲ ತೆಗೆದರೆ ಉಳಿಯುವುದು ಹಲಸಿನ ಮರ, ಚರ್ಮ ಮತ್ತು ನನ್ನ ಹತ್ತು ಬೆರಳು.

ಇದನ್ನೇ ಹೇಳಿದೆ. ಆ ಕಡೆ ಒಂದು ನಿಮಿಷ ಮಾತಿಲ್ಲ. ಆಮೇಲೆ ಅವಳು, "ಮಾವ, ಇದನ್ನೇ ಬರೆಯೋಣ ಅಲ್ವಾ?" ಅಂದಳು. ಹಾಗೇ ಬರೆದೆವು. ಮೊದಲ ಸಾಲೇ "ನಾನು ಒಬ್ಬನೇ ಮಾಡಿದ್ದು ಯಾವುದೂ ಇಲ್ಲ" ಅಂತ. ಅಲ್ಲಿಂದ ಮುಂದೆ ಬರವಣಿಗೆ ತಾನಾಗಿ ಹೋಯಿತು.

ಕಷ್ಟವಾದದ್ದು ವಿಡಿಯೋ. ಎರಡು ತುಣುಕು ಕಳಿಸಬೇಕು, ಒಂದೊಂದು ಐದು ನಿಮಿಷ. ಈಚಿನದಾಗಿರಬೇಕು, ಕತ್ತರಿಸಿ ಜೋಡಿಸಿರಬಾರದು. ಈಗ ಕಾಲಮಿತಿಯ ಆಟಗಳು ಬಂದಿವೆ, ನಿಜ. ಆದರೂ ನಮ್ಮದು ಗಂಟೆಗಟ್ಟಲೆ ನಡೆಯುವ ಆಟ. ಅದರಲ್ಲಿ ಐದು ನಿಮಿಷ ಯಾವುದು? ಹೊಸದಾಗಿ ರೆಕಾರ್ಡ್ ಮಾಡೋಣ ಅಂತ ಒಂದು ದಿನ ನಮ್ಮ ಮನೆಯಲ್ಲೇ ಕೂತೆವು. ಮಳೆಗಾಲದ ತೇವಕ್ಕೆ ಮದ್ದಳೆಯ ಚರ್ಮ ಸಡಿಲ ಬಿಡುತ್ತದೆ. ಕೆಂಡದ ಹತ್ತಿರ ಹಿಡಿದು ಕಾಯಿಸಿ ಶ್ರುತಿಗೆ ತಂದರೆ ಅರ್ಧ ಗಂಟೆಯಲ್ಲಿ ಮತ್ತೆ ಇಳಿಯುತ್ತದೆ. ಹಂಚಿನ ಮೇಲೆ ಬೀಳುವ ಮಳೆ ಬೇರೆ. ಸಂಜೆಯ ಹೊತ್ತಿಗೆ ಆ ಆಸೆ ಕೈಬಿಟ್ಟೆವು. ಕಳೆದ ತಿರುಗಾಟದಲ್ಲಿ ಹರಕೆ ಆಟವೊಂದನ್ನು ಹುಡುಗನೊಬ್ಬ ಇಡಿಯಾಗಿ ಚಿತ್ರೀಕರಿಸಿದ್ದ. ಅದರಲ್ಲೇ ಹುಡುಕಿದೆವು.

ಮೊದಲ ತುಣುಕಿಗೆ ತಕರಾರು ಇರಲಿಲ್ಲ. ಏರು ಪದ್ಯ, ಮದ್ದಳೆ ಚಂಡೆ ಎರಡೂ ಜೋರು, ವೇಷ ಧೀಂಗಿಣ ಹಾಕುತ್ತದೆ, ಅಂದರೆ ಹಾರಿ ಹಾರಿ ಸುತ್ತುತ್ತದೆ. ನೋಡಿದವರು ಕಣ್ಣು ಬೇರೆ ಕಡೆ ತಿರುಗಿಸುವುದಿಲ್ಲ. ಎರಡನೆಯದೂ ಅಂಥದ್ದೇ ಇರಲಿ ಅಂತ ಅಕ್ಕನ ಮಗಳು ಹೇಳಿದಳು. ನೂರಾರು ಅರ್ಜಿ ನೋಡುವವರು ಮೊದಲ ಒಂದೆರಡು ನಿಮಿಷದಲ್ಲೇ ತೀರ್ಮಾನಕ್ಕೆ ಬಂದುಬಿಡಬಹುದು ಅನ್ನುವುದು ಅವಳ ಚಿಂತೆ. ಅವಳ ಮಾತಿನಲ್ಲಿ ತಪ್ಪಿಲ್ಲ.

ನಾನು ಒಪ್ಪಲಿಲ್ಲ. ನನಗೆ ಬೇಕಾದದ್ದು ಅಭಿಮನ್ಯು ಯುದ್ಧಕ್ಕೆ ಹೊರಡುವ ಮೊದಲು ತಾಯಿಯ ಅಪ್ಪಣೆ ಕೇಳುವ ಸನ್ನಿವೇಶ. ಪದ್ಯ ನಿಧಾನ. ಚಂಡೆ ಇಲ್ಲ. ಒಂದು ಕಡೆ ಭಾಗವತರು ಒಂದು ಮಾತನ್ನು ಹಿಡಿದು ಎಳೆಯುತ್ತಾ ಹೋಗುತ್ತಾರೆ. ಅಲ್ಲಿ ನಾನು ಬಾರಿಸುವುದು ನಿಲ್ಲಿಸುತ್ತೇನೆ. ಮೂರು ಉಸಿರಿನಷ್ಟು ಹೊತ್ತು ಏನೂ ಇಲ್ಲ, ಅವರ ದನಿ ಮಾತ್ರ. ಸುಭದ್ರೆಯ ವೇಷದವರು ತಲೆ ಎತ್ತುತ್ತಾರೆ. ಆಗ ನನ್ನ ಬಲಗೈ ಒಂದೇ ಒಂದು ಪೆಟ್ಟು ಹಾಕುತ್ತದೆ. ಆ ಜಾಗಕ್ಕೆ ಬರಲು ನನಗೆ ವರ್ಷಗಳೇ ಬೇಕಾದವು. ಶುರುವಿನ ತಿರುಗಾಟಗಳಲ್ಲಿ ಅಲ್ಲಿ ಸುಮ್ಮನಿರಲು ಹೆದರಿಕೆಯಾಗುತ್ತಿತ್ತು. ಕೈ ತುಂಬಿಸಿಬಿಡುತ್ತಿತ್ತು. ಭಾಗವತರು ಒಮ್ಮೆಯೂ ಬೈಯಲಿಲ್ಲ. ಆ ಪದ್ಯವನ್ನು ಮಾತ್ರ ಬೇಗ ಮುಗಿಸಿಬಿಡುತ್ತಿದ್ದರು.

ತುಣುಕಿನ ಕೆಳಗೆ ಒಂದು ಪ್ರಶ್ನೆ ಇತ್ತು, ಇದರಲ್ಲಿ ನಿಮ್ಮ ಪಾತ್ರ ಏನು ಅಂತ. "ಹಾಡುವವರ ಪಕ್ಕ ಮಡಿಲಲ್ಲಿ ಮದ್ದಳೆ ಇಟ್ಟುಕೊಂಡವನು ನಾನು. ಎರಡನೇ ನಿಮಿಷದ ನಂತರ ನಾನು ಬಾರಿಸದೆ ಇರುವುದನ್ನು ದಯವಿಟ್ಟು ಕೇಳಿ" ಅಂತ ಬರೆಸಿದೆ.

ಪಾಠದ ಯೋಜನೆ ಬೇಗ ಆಯಿತು. ನಾನು ಒಯ್ಯಬಲ್ಲದ್ದು ಹೆಚ್ಚೆಂದರೆ ಎರಡು ಮದ್ದಳೆ, ಮಕ್ಕಳು ಹದಿನೈದು ಇಪ್ಪತ್ತು. ಹಾಗಾಗಿ ಮೊದಲ ವಾರಗಳಲ್ಲಿ ಮದ್ದಳೆ ಮುಟ್ಟಿಸುವುದೇ ಇಲ್ಲ ಅಂತ ಬರೆದೆ. ಬಾಯಲ್ಲಿ ಹೇಳುವುದು, ಕೈಯಲ್ಲಿ ತಾಳ ಹಾಕುವುದು, ತೊಡೆ ತಟ್ಟುವುದು. ನಾನು ಕಲಿತದ್ದೂ ಹಾಗೇ. ಏಕತಾಳದಿಂದ ಶುರು. ಆಮೇಲೆ 7 ಅಕ್ಷರದ ತ್ರಿವುಡೆ, 10 ಅಕ್ಷರದ ಝಂಪೆ. ಕೊನೆಗೆ ಒಬ್ಬರು ಹೆಜ್ಜೆ ಹಾಕಬೇಕು, ಒಬ್ಬರು ಹಾಡಬೇಕು, ಒಬ್ಬರು ಬಾರಿಸಬೇಕು. ಮೂವರೂ ಒಬ್ಬರನ್ನೊಬ್ಬರು ನೋಡಬೇಕು. ಅಷ್ಟು ಬಂದರೆ ಒಂದು ಸೆಮಿಸ್ಟರಿಗೆ ಜಾಸ್ತಿಯೇ ಆಯಿತು.

ಹಣದ ವಿಷಯವನ್ನು ಅಕ್ಕನ ಮಗಳು ಬಿಡಿಸಿ ಹೇಳಿದಳು. ಇಂಥ ಅರ್ಜಿ ಹಾಕುವ ನಮ್ಮವರಿಗೆ ಇದು ಗೊತ್ತಿರಬೇಕು. ಸಂಭಾವನೆ ಅಂತ ಬರೆದಿರುವಷ್ಟೂ ಕೈಗೆ ಬರುವುದಿಲ್ಲ. ಹೊರದೇಶದವರಿಗೆ ಕೊಡುವ ಇಂಥ ಹಣದಲ್ಲಿ ಅಲ್ಲಿ ಶೇ. 30ರವರೆಗೂ ತೆರಿಗೆ ಹಿಡಿಯುತ್ತಾರೆ. ವಿನಿಮಯ ಕಾರ್ಯಕ್ರಮಗಳಿಗೆ ಹೋಗುವವರ ಜೆ-1 ವೀಸಾ ಆದರೆ ಸೆವಿಸ್ ಅನ್ನುವ ನೋಂದಣಿಯ ಶುಲ್ಕವೇ 220 ಡಾಲರ್, ವೀಸಾ ಶುಲ್ಕ ಬೇರೆ, ಆರೋಗ್ಯ ವಿಮೆ ಕಡ್ಡಾಯ. ಸಂದರ್ಶನಕ್ಕೆ ಚೆನ್ನೈಗೋ ಹೈದರಾಬಾದಿಗೋ ಓಡಬೇಕು. ಇದರಲ್ಲಿ ಯಾವುದನ್ನು ಅವರು ಕೊಡುತ್ತಾರೆ, ಯಾವುದು ನಮ್ಮ ಮೇಲೆ ಅಂತ ಮೊದಲೇ ಬರೆದು ಕೇಳಿದೆವು. ಎರಡೇ ದಿನದಲ್ಲಿ ಒಂದೊಂದಕ್ಕೂ ಉತ್ತರ ಬಂತು. ಕೇಳಲು ಸಂಕೋಚಪಡಬೇಕಾದದ್ದು ಏನೂ ಇರಲಿಲ್ಲ.

ಸಂಕೋಚವಾದದ್ದು ಮೇಳದ ಯಜಮಾನರ ಹತ್ತಿರ. ಅಲ್ಲಿನ ಎರಡನೇ ಸೆಮಿಸ್ಟರ್ ಜನವರಿಯಿಂದ ಮೇ ತನಕ. ಅದು ನಮ್ಮ ತಿರುಗಾಟದ ನಟ್ಟನಡು. ಅದಕ್ಕೆ ಹೋದರೆ ಒಂದು ವರ್ಷದ ಆಟವೇ ಹೋದ ಹಾಗೆ. ಮೊದಲನೆಯದು ಮುಂದಿನ ವರ್ಷದ ಆಗಸ್ಟ್ ಕೊನೆಯಿಂದ ಡಿಸೆಂಬರ್ ನಡುವಿನ ತನಕ. ಅದನ್ನೇ ಆರಿಸಿಕೊಂಡೆ. ಆದರೂ ಮೊದಲ ಮೂರು ನಾಲ್ಕು ವಾರದ ಆಟ ತಪ್ಪುತ್ತದೆ. ಯಜಮಾನರು ಕೇಳಿದ್ದು ಒಂದೇ, "ಭಾಗವತರು ಒಪ್ಪಿದರಾ?"

ಭಾಗವತರ ಜಗಲಿ ಹತ್ತಲು ಅದೂ ಒಂದು ಕಾರಣ. ಇನ್ನೊಂದು ಕಾರಣ ಶಿಫಾರಸು ಪತ್ರ. ಮೂರು ಬೇಕಿತ್ತು. ಎರಡನ್ನು ಕಾಲೇಜಿನ ಮೇಷ್ಟ್ರುಗಳು ಕೊಟ್ಟಿದ್ದರು. ಮೂರನೆಯದನ್ನು ನನ್ನ ಕೆಲಸವನ್ನು ಹತ್ತಿರದಿಂದ ಬಲ್ಲವರು ಬರೆಯಬೇಕು ಅಂತ ಇತ್ತು. ಅಂಥವರು ಇವರ ಬಿಟ್ಟು ಇನ್ಯಾರು? ಆದರೆ ನಾವು ಪತ್ರ ಬರೆಸಿಕೊಂಡು ಹೋಗಿ ಹಚ್ಚುವ ಹಾಗಿಲ್ಲ. ಬರೆಯುವವರ ಇಮೇಲ್ ಕೊಟ್ಟರೆ ಅವರಿಗೇ ನೇರವಾಗಿ ಲಿಂಕ್ ಹೋಗುತ್ತದೆ. ಅವರು ಬರೆದದ್ದನ್ನು ಅರ್ಜಿ ಹಾಕಿದವನು ನೋಡುವಂತಿಲ್ಲ. ಕೊನೆಯ ದಿನಕ್ಕೆ ಮೂರೇ ದಿನ ಉಳಿದಿತ್ತು.

ಎಲ್ಲವನ್ನೂ ಹೇಳಿದೆ. ಭಾಗವತರು ಎಲೆ ಮಡಚಿ ಬಾಯಿಗೆ ಹಾಕಿಕೊಂಡರು. ಒಳಗೆ ಓದುತ್ತಿದ್ದ ಮೊಮ್ಮಗನನ್ನು ಕರೆದರು. ಅವನು ಡಿಗ್ರಿ ಮೊದಲ ವರ್ಷದ ಹುಡುಗ. ಅಜ್ಜನ ಹೆಸರಲ್ಲಿ ಹತ್ತು ನಿಮಿಷದಲ್ಲಿ ಇಮೇಲ್ ತೆರೆದ. ನಾನು ಅದನ್ನು ಅಕ್ಕನ ಮಗಳಿಗೆ ಕಳಿಸಿದೆ, ಅವಳು ಅರ್ಜಿಗೆ ಹಾಕಿದಳು. ಸ್ವಲ್ಪ ಹೊತ್ತಿಗೆ ಆ ಹುಡುಗನ ಫೋನಿಗೆ ಲಿಂಕ್ ಬಂತು.

"ನಾನು ಕನ್ನಡದಲ್ಲಿ ಹೇಳುತ್ತೇನೆ, ನೀನು ಇಂಗ್ಲಿಷಿನಲ್ಲಿ ಬರಿ" ಅಂದರು ಮೊಮ್ಮಗನಿಗೆ. ನನ್ನ ಕಡೆ ತಿರುಗಿ, "ನೀನು ಕೇಳಬಾರದಂತಲ್ಲ, ಕೊಟ್ಟಿಗೆ ಕಡೆ ಹೋಗಿ ಕೂತುಕೋ" ಅಂದರು.

ಕೊಟ್ಟಿಗೆಯ ಮಾಡಿನ ಕೆಳಗೆ ಮುಕ್ಕಾಲು ಗಂಟೆ ಕೂತೆ. ಮಳೆಯ ನಡುವೆ ಅವರ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಒಂದು ಸಲ ದನಿ ಏರಿತು. ಒಂದು ಸಲ ಪದ್ಯದ ಒಂದು ಸಾಲನ್ನೇ ಹಾಡಿದರು. ಯಾವ ಪದ್ಯ ಅಂತ ಗೊತ್ತಾಯಿತು. ನನ್ನ ಕೈ ತೊಡೆಯ ಮೇಲೆ ಎದ್ದು ನಿಂತಿತು. ಅಷ್ಟು ಮಾತ್ರ ನನಗೆ ಗೊತ್ತಿರುವುದು. ಪತ್ರದಲ್ಲಿ ಏನಿದೆ ಅಂತ ಇವತ್ತಿಗೂ ನಾನು ಕೇಳಿಲ್ಲ.

ವಾಪಸ್ ಕರೆದಾಗ ಅವರು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು. "ಆಯ್ಕೆ ಆದರೆ ನೀನು ಬರುವಾಗ ಆಟ ಶುರುವಾಗಿ ತಿಂಗಳಾಗುತ್ತದೆ. ನಿನ್ನ ಹತ್ತಿರ ಕಲಿಯುತ್ತಿರುವ ಆ ಹುಡುಗ ಇದ್ದಾನಲ್ಲ, ಅವನನ್ನು ಈಗಲೇ ಕರೆದುಕೊಂಡು ಬಾ. ಮಳೆಗಾಲದಲ್ಲೇ ಕೂರಿಸುವ."

ಅರ್ಜಿ ಹೋಯಿತು. ಉತ್ತರಕ್ಕೆ ಇನ್ನೂ ತಿಂಗಳುಗಳಿವೆ. ಮುಂದಿನ ಭಾನುವಾರ ಹುಡುಗನನ್ನು ಕರೆದುಕೊಂಡು ಹೋದೆ. ಭಾಗವತರ ಪಕ್ಕ ನನ್ನ ಜಾಗದಲ್ಲಿ ಅವನು ಮದ್ದಳೆ ಇಟ್ಟುಕೊಂಡು ಕೂತ. ನಾನು ಎದುರಿಗೆ ಚಾಪೆಯಲ್ಲಿ. ಅದೇ ತಾಯಿ ಮಗನ ಪದ್ಯ ಎತ್ತಿದರು. ಇಷ್ಟು ವರ್ಷ ಪಕ್ಕದಿಂದ ಅವರ ಉಸಿರು ಕೇಳಿಯೇ ಕೈ ಎತ್ತುತ್ತಿದ್ದೆ. ಎದುರಿನಿಂದ ನೋಡಿದರೆ, ಆ ಮಾತನ್ನು ಎಳೆಯುವ ಮೊದಲು ಅವರು ಕಣ್ಣು ಮುಚ್ಚುತ್ತಾರೆ. ಇದು ನನಗೆ ಗೊತ್ತೇ ಇರಲಿಲ್ಲ.

ಹುಡುಗ ಆ ಖಾಲಿ ಜಾಗವನ್ನು ತುಂಬಿಸಿಬಿಟ್ಟ. ಭಾಗವತರು ಪದ್ಯವನ್ನು ಬೇಗ ಮುಗಿಸಿದರು.

"ಇನ್ನೊಂದು ಸಲ ಹೇಳಿ ಭಾಗವತರೇ" ಅಂದೆ. ಹುಡುಗನಿಗೆ ಹೇಳಿದೆ, "ನನ್ನನ್ನು ನೋಡಬೇಡ. ಅವರ ಕಣ್ಣು ನೋಡು."